ಬ್ಯಾಗ್ ನೋಡಿಕೊಳ್ಳಲು ಯಾರೂ ಇಲ್ಲದಾಗ

ಒಬ್ಬರೇ ವಿದೇಶಕ್ಕೆ ಹೊರಟರೆ ಭಾಷೆ ಬರುವುದಿಲ್ಲ, ದಾರಿ ತಪ್ಪುತ್ತದೆ, ಊಟ ಸೇರುವುದಿಲ್ಲ ಎಂದು ಹಿತೈಷಿಗಳೆಲ್ಲ ಹೆದರಿಸುತ್ತಾರೆ. ಅಸಲಿ ಸಮಸ್ಯೆಯನ್ನು ಮಾತ್ರ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅದು ಶೌಚಾಲಯದ್ದು. ಇಬ್ಬರಿದ್ದರೆ ಒಬ್ಬರು ಒಳಗೆ, ಇನ್ನೊಬ್ಬರು ಹೊರಗೆ ಬ್ಯಾಗಿನ ಕಾವಲಿಗೆ. ಒಬ್ಬರೇ ಇದ್ದರೆ ಬ್ಯಾಗೂ ಜೊತೆಗೆ ಬರಬೇಕು. ಯುರೋಪಿನ ಅನೇಕ ರೈಲು ನಿಲ್ದಾಣಗಳಲ್ಲಿ ಶೌಚಾಲಯದ ಬಾಗಿಲಿಗೆ ನಾಣ್ಯ ಹಾಕಿದರೆ ತಿರುಗುವ ಗೇಟಿರುತ್ತದೆ. ಒಂದು ನಾಣ್ಯಕ್ಕೆ ಒಂದೇ ಸುತ್ತು. ಬ್ಯಾಗನ್ನು ಮೊದಲು ತಳ್ಳಿ ಹಿಂದೆ ತಾವು ಹೋಗೋಣ ಎಂದುಕೊಂಡರೆ ಗೇಟು ಬ್ಯಾಗನ್ನೇ ಪ್ರಯಾಣಿಕರೆಂದು ಲೆಕ್ಕ ಹಾಕಿ ಒಳಗೆ ಬಿಟ್ಟುಕೊಳ್ಳುತ್ತದೆ. ಅವಸರದಲ್ಲಿರುವ ಮಾಲೀಕರು ಹೊರಗೇ ನಿಂತು ಇನ್ನೊಂದು ನಾಣ್ಯಕ್ಕೆ ಜೇಬು ತಡಕಬೇಕು. ಬೆನ್ನಿನ ಬ್ಯಾಗಾದರೆ ಎದೆಗೆ ಏರಿಸಿಕೊಂಡು, ಚಕ್ರದ ಪೆಟ್ಟಿಗೆಯಾದರೆ ಗೇಟಿಗಿಂತ ಮೇಲೆ ಎತ್ತಿ ಹಿಡಿದುಕೊಂಡು, ಇಬ್ಬರೂ ಒಂದೇ ಸುತ್ತಿನಲ್ಲಿ ದಾಟುವುದು ಸರಿಯಾದ ಕ್ರಮ.

ವಿಮಾನ ನಿಲ್ದಾಣದಲ್ಲಿ ನಾಣ್ಯದ ಕಾಟವಿಲ್ಲ. ಆದರೆ ಪಕ್ಕದವರಿಗೆ "ಸ್ವಲ್ಪ ನೋಡ್ಕೋತೀರಾ" ಎನ್ನುವ ಹಾಗೂ ಇಲ್ಲ. ವಾರಸುದಾರರಿಲ್ಲದ ಬ್ಯಾಗ್ ಕಂಡರೆ ತಿಳಿಸಿ ಎಂದು ಮೈಕಿನಲ್ಲಿ ಆಗಾಗ ಕೂಗುತ್ತಲೇ ಇರುತ್ತಾರೆ. ಆದ್ದರಿಂದ ಒಂಟಿ ಪ್ರವಾಸದ ಬ್ಯಾಗ್ ಎಷ್ಟು ದೊಡ್ಡದಿರಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರ: ಅದರ ಜೊತೆ ನೀವೂ ಶೌಚಾಲಯದೊಳಗೆ ಹಿಡಿಯಬೇಕು, ಆಮೇಲೆ ಬಾಗಿಲು ಮುಚ್ಚಬೇಕು.

ಅಗ್ಗದ ವಿಮಾನ ಕಂಪನಿಗಳೂ ಇದನ್ನೇ ಬೇರೆ ಭಾಷೆಯಲ್ಲಿ ಹೇಳುತ್ತವೆ. ಯುರೋಪಿನಲ್ಲಿ ಅವು ಪುಕ್ಕಟೆ ಒಯ್ಯಲು ಬಿಡುವುದು ಮುಂದಿನ ಸೀಟಿನ ಕೆಳಗೆ ತೂರುವ ಒಂದೇ ಒಂದು ಚೀಲ. ಹಲವು ಕಡೆ ಅದರ ಅಳತೆ 40×30×20 ಸೆಂಟಿಮೀಟರ್. ಗುಣಿಸಿದರೆ 24 ಲೀಟರ್. ಚಕ್ರ, ಹಿಡಿ, ಉಬ್ಬಿದ ಹೊರಜೇಬು ಎಲ್ಲವೂ ಈ ಲೆಕ್ಕದೊಳಗೇ ಬರುತ್ತವೆ. ಜನ ಎಡವುವುದು ಇಲ್ಲೇ. ಖಾಲಿ ಬ್ಯಾಗನ್ನು ಅಳೆದು ಸಮಾಧಾನಪಟ್ಟುಕೊಳ್ಳುತ್ತಾರೆ, ಆಮೇಲೆ ತುಂಬುತ್ತಾರೆ. ತುಂಬಿದ ಬ್ಯಾಗ್ ಉದ್ದಗಲದಲ್ಲಿ ಬೆಳೆಯುವುದಿಲ್ಲ, ಹೊಟ್ಟೆ ಬಿಡುತ್ತದೆ. 20 ಇದ್ದದ್ದು 26 ಆಗಿ, ವಿಮಾನ ಹತ್ತುವ ಗೇಟಿನ ಬಳಿ ಇಟ್ಟಿರುವ ಅಳತೆಯ ಪೆಟ್ಟಿಗೆಯಲ್ಲಿ ಅರ್ಧಕ್ಕೆ ಸಿಕ್ಕಿಹಾಕಿಕೊಳ್ಳುತ್ತದೆ. ತುಂಬಿದ ಮೇಲೆಯೇ ಅಳೆಯಿರಿ. ಹೊರಜೇಬನ್ನು ಖಾಲಿ ಬಿಡಿ. ಗಟ್ಟಿ ಪೆಟ್ಟಿಗೆಗಿಂತ ಮೆತ್ತನೆಯ ಬ್ಯಾಗ್ ವಾಸಿ, ಒತ್ತಿದರೆ ಮಾತು ಕೇಳುತ್ತದೆ. ಗೇಟಿನಲ್ಲಿ ಕಟ್ಟಿಸಿಕೊಳ್ಳುವ ಶುಲ್ಕ ಮುಂಚೆಯೇ ಆನ್‌ಲೈನಿನಲ್ಲಿ ಕಟ್ಟುವುದಕ್ಕಿಂತ ಸಾಮಾನ್ಯವಾಗಿ ದುಬಾರಿ. ಎಷ್ಟೋ ಸಲ ಟಿಕೆಟ್ಟಿಗಿಂತಲೂ ಹೆಚ್ಚು. ಮೂಗಿಗಿಂತ ಮೂಗುತಿ ಭಾರ.

ಏಷ್ಯಾದ ಅಗ್ಗದ ವಿಮಾನಗಳಲ್ಲಿ ಅಳತೆಗಿಂತ ತೂಕದ ಕಾಟ ಜಾಸ್ತಿ. ಸಾಮಾನ್ಯವಾಗಿ 7 ಕಿಲೋ, ಲ್ಯಾಪ್‌ಟಾಪೂ ಸೇರಿ. ಸ್ನಾನದ ಮನೆಯ ತೂಕದ ಯಂತ್ರದ ಮೇಲೆ ಬ್ಯಾಗಿಲ್ಲದೆ ಒಮ್ಮೆ, ಬ್ಯಾಗ್ ಹೊತ್ತು ಒಮ್ಮೆ ನಿಂತು ಕಳೆದರೆ ಲೆಕ್ಕ ಸಿಗುತ್ತದೆ. ಹೆಚ್ಚಿದ್ದರೆ ಭಾರದ ಶೂ, ಜೀನ್ಸ್, ಜಾಕೆಟ್ ಮೈಮೇಲೆ. ಚಾರ್ಜರ್, ಪುಸ್ತಕ ಜಾಕೆಟ್ಟಿನ ಜೇಬಿಗೆ. ವಿಮಾನದ ಮಟ್ಟಿಗೆ ಭಾರ ಎಲ್ಲಿದ್ದರೂ ಒಂದೇ, ಕೌಂಟರಿನವರ ಮಟ್ಟಿಗೆ ಮಾತ್ರ ಮಾಯವಾಗಿರುತ್ತದೆ. ಈ ವೇಷದಲ್ಲಿ ಭದ್ರತಾ ತಪಾಸಣೆಗೆ ನಿಂತಾಗ ಅಷ್ಟನ್ನೂ ಬಿಚ್ಚಿ ಟ್ರೇಗೆ ಹಾಕಬೇಕು ಎನ್ನುವುದು ಬೇರೆ ವಿಷಯ. ಹಿಂದಿನವರ ಕಡೆ ತಿರುಗಿ ನೋಡದಿದ್ದರಾಯಿತು.

ಅದೇ ತಪಾಸಣೆಯಲ್ಲಿ ಕ್ರೀಮು, ಶಾಂಪೂಗಳ ಬಲಿ ನಡೆಯುತ್ತದೆ. 2006ರಿಂದ ಜಾರಿಯಲ್ಲಿರುವ 100 ಮಿಲಿಲೀಟರ್ ನಿಯಮ ಡಬ್ಬಿಯ ಗಾತ್ರಕ್ಕೆ ಅನ್ವಯಿಸುತ್ತದೆಯೇ ಹೊರತು ಒಳಗೆ ಉಳಿದದ್ದಕ್ಕಲ್ಲ. 200 ಮಿಲಿಯ ಟ್ಯೂಬನ್ನು ಹಿಂಡಿ ಸುರುಟಿ ಇನ್ನು ಎರಡೇ ದಿನಕ್ಕೆ ಸಾಕು ಎನ್ನುವಂತಿದ್ದರೂ ಅದು ಬುಟ್ಟಿಗೇ. ಹೊಸ ಸ್ಕ್ಯಾನರ್ ಬಂದ ಕೆಲವು ನಿಲ್ದಾಣಗಳಲ್ಲಿ ಇದು ಸಡಿಲವಾಗಿದೆ. ಹೋಗುವಾಗ ಬಿಟ್ಟರು, ಬರುವಾಗ ಹಿಡಿದರು ಎಂಬ ಗೋಳು ಬರುವುದು ಅದಕ್ಕೇ. ಸೋಪಿನ ಬಿಲ್ಲೆಗೆ ಈ ತಾಪತ್ರಯವೇ ಇಲ್ಲ. ಪವರ್ ಬ್ಯಾಂಕ್ ಯಾವತ್ತೂ ಕೈಚೀಲದಲ್ಲೇ ಇರಬೇಕು, 100 ವ್ಯಾಟ್-ಅವರ್ (ಬ್ಯಾಟರಿ ಹಿಡಿಯುವ ಶಕ್ತಿಯ ಅಳತೆ) ಮಿತಿ. 20,000 ಎಂಎಎಚ್‌ನದ್ದು 3.7 ವೋಲ್ಟ್ ಲೆಕ್ಕದಲ್ಲಿ 74 ವ್ಯಾಟ್-ಅವರ್ ಆಗುತ್ತದೆ, ಚಿಂತೆಯಿಲ್ಲ. ಅದರ ಮೇಲಿನ ಅಕ್ಷರ ಅಳಿಸಿಹೋಗಿದ್ದರೆ ಮಾತ್ರ ನಿಮ್ಮ ಗಣಿತವನ್ನು ಯಾರೂ ಕೇಳುವುದಿಲ್ಲ.

ಇಷ್ಟೆಲ್ಲ ಮಾಡಿ ಅಗ್ಗದಲ್ಲಿ ಇಳಿಯುವುದು ಎಲ್ಲಿ? ಪ್ಯಾರಿಸ್ ಬೋವೆ ನಿಲ್ದಾಣ ಪ್ಯಾರಿಸಿನಿಂದ ಸುಮಾರು 80 ಕಿಲೋಮೀಟರ್ ದೂರ. ಸ್ಟಾಕ್‌ಹೋಮ್ ಸ್ಕಾವ್‌ಸ್ಟಾ, ಸ್ಟಾಕ್‌ಹೋಮಿನಿಂದ ಸುಮಾರು 100. ಫ್ರಾಂಕ್‌ಫರ್ಟ್ ಹಾನ್, ಫ್ರಾಂಕ್‌ಫರ್ಟಿನಿಂದ ಸುಮಾರು 120. ಇವುಗಳ ಹೆಸರಿನಲ್ಲಿ ಮಹಾನಗರ ಇರುವುದು ಬರೀ ಗೌರವಕ್ಕೆ. ಅಲ್ಲಿಂದ ಊರಿಗೆ ಬಸ್ಸಿನ ದುಡ್ಡು, ಆ ಬಸ್ಸು ತಪ್ಪಿದರೆ ಟ್ಯಾಕ್ಸಿಯ ದುಡ್ಡು ಎರಡನ್ನೂ ಟಿಕೆಟ್ಟಿಗೆ ಕೂಡಿಸಿ ನೋಡಬೇಕು. ರಾತ್ರಿ ಅಲ್ಲೇ ಬೆಂಚಿನ ಮೇಲೆ ಒರಗೋಣ ಎನ್ನುವವರು ಇನ್ನೊಂದನ್ನೂ ನೋಡಿಕೊಳ್ಳಬೇಕು: ಕೊನೆಯ ವಿಮಾನದ ನಂತರ ಬಾಗಿಲು ಹಾಕಿ ಎಲ್ಲರನ್ನೂ ಹೊರಗೆ ಕಳಿಸುವ ನಿಲ್ದಾಣಗಳೂ ಇವೆ.

ಬೇರೆ ಬೇರೆ ಕಂಪನಿಯ ಎರಡು ಟಿಕೆಟ್ ಜೋಡಿಸಿ ಉಳಿಸುವವರಿಗೂ ಇದೇ ಗತಿ. ಮೊದಲನೆಯದು ತಡವಾದರೆ ಎರಡನೆಯವರಿಗೆ ನೀವು ಯಾರೋ, ಅವರು ಯಾರೋ. ನಡುವೆ ಲಗೇಜ್ ತೆಗೆದುಕೊಂಡು ಮತ್ತೆ ಕೊಡಬೇಕೆಂದರೆ ಆ ದೇಶದ ವಲಸೆ ಗೇಟು ದಾಟಬೇಕು, ಅದಕ್ಕೆ ವೀಸಾ ಬೇಕಾಗಬಹುದು. ಇನ್ನು 15ನೇ ತಾರೀಖು 00:20ರ ವಿಮಾನ. ಅದಕ್ಕೆ 14ರ ರಾತ್ರಿಯೇ ಹೋಗಿ ಕೂರಬೇಕು. 15ರ ರಾತ್ರಿ ಮೀಸೆ ತಿರುವಿಕೊಂಡು ಬರುವವರು ಎಲ್ಲ ದೇಶಗಳಲ್ಲೂ ಇದ್ದಾರೆ. ಜೊತೆಗೊಬ್ಬರಿದ್ದರೆ "ತಾರೀಖು ಇನ್ನೊಂದ್ಸಲ ನೋಡು" ಎಂದಿರುತ್ತಿದ್ದರು.

ಫೋನಿನ ವಿಷಯಕ್ಕೆ ಬರೋಣ, ಸ್ವಲ್ಪ ನಿಧಾನವಾಗಿ. ಇಳಿದ ಕೂಡಲೇ ಮಾಡುವ ಅತ್ಯುತ್ಸಾಹದ ಕೆಲಸವೆಂದರೆ ಮನೆಯ ಸಿಮ್ ತೆಗೆದು ಅಲ್ಲಿನ ಅಗ್ಗದ ಸಿಮ್ ಹಾಕುವುದು. ಸಂಜೆ ಹಾಸ್ಟೆಲಿಗೆ, ಅಂದರೆ ಪ್ರವಾಸಿಗರು ಕೋಣೆ ಹಂಚಿಕೊಂಡು ಮಲಗುವ ಅಗ್ಗದ ವಸತಿಗೆ, ಕಾರ್ಡಿನಲ್ಲಿ ದುಡ್ಡು ಕಟ್ಟುವಾಗ ಬ್ಯಾಂಕು ಓಟಿಪಿ ಕಳಿಸುತ್ತದೆ. ಅದು ಹೋಗುವುದು ಪರ್ಸಿನ ಮೂಲೆಯಲ್ಲಿ ಟಿಶ್ಯೂ ಕಾಗದದಲ್ಲಿ ಸುತ್ತಿಟ್ಟ ಸಿಮ್ಮಿಗೆ. ಅದನ್ನು ವಾಪಸ್ ಹಾಕೋಣವೆಂದರೆ ಟ್ರೇ ತೆಗೆಯುವ ಸೂಜಿ ಮನೆಯಲ್ಲಿ, ಫೋನಿನ ಡಬ್ಬಿಯೊಳಗೆ, ಅತ್ಯಂತ ಸುರಕ್ಷಿತವಾಗಿದೆ. ಕಿವಿಯೋಲೆಯ ಕಡ್ಡಿಯಿಂದ ಚುಚ್ಚಿ ಹಾಕಿದರೂ ರೋಮಿಂಗ್ ಶುರುವಾಗಿಲ್ಲ. ಶುರು ಮಾಡಲು ಆ್ಯಪ್ ಬೇಕು, ಆ್ಯಪಿಗೆ ವೈಫೈ ಬೇಕು, ಪುಕ್ಕಟೆ ವೈಫೈ ಬೇಕೆಂದರೆ ಫೋನ್ ನಂಬರ್ ಕೊಡಿ, ಓಟಿಪಿ ಕಳಿಸುತ್ತೇವೆ ಎನ್ನುತ್ತದೆ.

ಈ ಚಕ್ರದಿಂದ ಹೊರಬರುವುದಕ್ಕಿಂತ ಹೊಕ್ಕದಿರುವುದು ಸುಲಭ. ಹಳೆಯ ಸಿಮ್ ಜಾಗದಲ್ಲೇ ಇರಲಿ. ಅದರ ಡೇಟಾ ರೋಮಿಂಗ್ ಮುಚ್ಚಿ, ಎಸ್ಸೆಮ್ಮೆಸ್ ಬರುವಷ್ಟು ರೋಮಿಂಗನ್ನು ಹೊರಡುವ ಮೊದಲೇ ಶುರು ಮಾಡಿಸಿ, ಒಂದು ಎಸ್ಸೆಮ್ಮೆಸ್ಸಿಗೆ ಎಷ್ಟೆಂದೂ ಕೇಳಿಕೊಳ್ಳಿ. ಡೇಟಾಕ್ಕೆ ಇ-ಸಿಮ್, ಅಂದರೆ ಚಿಪ್ಪಿಲ್ಲದೆ ಫೋನಿಗೇ ಇಳಿಸಿಕೊಳ್ಳುವ ಸಿಮ್. ಅದನ್ನು ಇಳಿಸಿಕೊಳ್ಳಲು ಇಂಟರ್ನೆಟ್ ಬೇಕಾದ್ದರಿಂದ ಮನೆಯಲ್ಲೇ ಹಾಕಿಕೊಂಡು ಅಲ್ಲಿ ಹೋಗಿ ಆನ್ ಮಾಡುವುದು. ಒಂದೇ ಕಂಪನಿಗೆ ಲಾಕ್ ಆದ ಫೋನಿಗೆ ಬೇರೆ ಕಂಪನಿಯ ಇ-ಸಿಮ್ ಆಗುವುದಿಲ್ಲ. ಹಾಸ್ಟೆಲಿನ ವಿಳಾಸ, ವಾಪಸ್ ಟಿಕೆಟ್, ಬ್ಯಾಂಕಿನ ಸಾಮಾನ್ಯ ಫೋನ್ ನಂಬರ್ ಕಾಗದದ ಮೇಲಿರಲಿ. ಉಚಿತ ಸಹಾಯವಾಣಿಯ ನಂಬರು ಹೊರದೇಶದಿಂದ ಬಹುಪಾಲು ಹತ್ತುವುದೇ ಇಲ್ಲ. ವಲಸೆ ಅಧಿಕಾರಿ "ಎಲ್ಲಿ ಉಳಿಯುತ್ತೀರಿ" ಎಂದು ಕೇಳುವ ಹೊತ್ತಿಗೇ ಬ್ಯಾಟರಿ ಸಾಯುವುದು ಎಲ್ಲ ಫೋನುಗಳ ಸಂಪ್ರದಾಯ.

ದುಡ್ಡು ತೆಗೆಯುವಾಗ ಎಟಿಎಂ ಬಲು ವಿನಯದಿಂದ, ನಿಮ್ಮ ದೇಶದ ಹಣದಲ್ಲೇ ಲೆಕ್ಕ ಹಾಕಿ ಕೊಡಲೇ ಎನ್ನುತ್ತದೆ. ಬೇಡ ಎನ್ನಿ. ಆ ವಿನಯದ ದರದಲ್ಲಿ ಅವರ ಲಾಭ ಸೇರಿರುತ್ತದೆ. ಬೇಡ ಎನ್ನುವ ಗುಂಡಿಯನ್ನು ವ್ಯವಹಾರವೇ ರದ್ದಾಗುವುದೇನೋ ಎನ್ನಿಸುವ ಹಾಗೆ ಬರೆದಿರುತ್ತಾರೆ. ಏನೂ ಆಗುವುದಿಲ್ಲ, ಒತ್ತಿದ ಮೇಲೂ ದುಡ್ಡು ಬರುತ್ತದೆ, ಸ್ಥಳೀಯ ಹಣದಲ್ಲಿ. ಅಂಗಡಿಯ ಕಾರ್ಡ್ ಯಂತ್ರವೂ ಇದೇ ಪ್ರಶ್ನೆ ಕೇಳುತ್ತದೆ, ಅದಕ್ಕೂ ಇದೇ ಉತ್ತರ. ಕೆಲವು ಯಂತ್ರಗಳು ಮೊದಲು ನೋಟು ಕೊಟ್ಟು ಆಮೇಲೆ ಕಾರ್ಡ್ ಹೊರಹಾಕುತ್ತವೆ. ನೋಟು ಎಣಿಸುತ್ತ ಹೊರಟವರ ಕಾರ್ಡು ಅರ್ಧ ನಿಮಿಷ ಕಾದು ಒಳಕ್ಕೆ ಹೋಗಿಬಿಡುತ್ತದೆ. ಆದ್ದರಿಂದ ಬ್ಯಾಂಕಿಗೆ ಅಂಟಿಕೊಂಡ ಎಟಿಎಂ, ಬ್ಯಾಂಕು ತೆರೆದಿರುವ ಹೊತ್ತು. ಎರಡನೇ ಕಾರ್ಡ್ ಪರ್ಸಿನಲ್ಲಲ್ಲ, ಬ್ಯಾಗಿನ ತಳದಲ್ಲಿ.

ಇನ್ನು ಹಾಸ್ಟೆಲ್. ಹನ್ನೆರಡು ಮಂಚದ ಕೋಣೆ ಆರು ಮಂಚದ್ದಕ್ಕಿಂತ ಅಗ್ಗ ಏಕೆಂದರೆ ಅಲ್ಲಿ ಗೊರಕೆಗಳ ಸಂಖ್ಯೆ ಎರಡರಷ್ಟು. ಸ್ಪಂಜಿನ ಇಯರ್ ಪ್ಲಗ್ ಎಲ್ಲರ ಬಳಿಯೂ ಇರುತ್ತದೆ, ಹಾಕುವ ಕ್ರಮ ಮಾತ್ರ ಯಾರಿಗೂ ಗೊತ್ತಿರುವುದಿಲ್ಲ. ಬೆರಳುಗಳ ನಡುವೆ ಬತ್ತಿಯಂತೆ ತೆಳ್ಳಗೆ ಹೊಸೆದು, ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು, ಒಳಗಿಟ್ಟು, ಅದು ಉಬ್ಬುವ ತನಕ ಅರ್ಧ ನಿಮಿಷ ಬೆರಳಿನಿಂದ ಒತ್ತಿ ಹಿಡಿಯಬೇಕು. ಸರಿಯಾಗಿ ಕೂತರೆ ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದರೆ ನಿಮ್ಮ ಬೆಳಗಿನ ಅಲಾರಾಂ ನಿಮಗೊಬ್ಬರಿಗೆ ಬಿಟ್ಟು ಉಳಿದ ಹನ್ನೊಂದು ಮಂದಿಗೂ ಕೇಳುತ್ತದೆ. ಫೋನನ್ನು ಬರೀ ವೈಬ್ರೇಟಿನಲ್ಲಿಟ್ಟು ದಿಂಬಿನ ಕೆಳಗೆ ತುರುಕಿ. ಅಲಾರಾಂ ಇಟ್ಟ ಫೋನನ್ನು ಲಾಕರಿನಲ್ಲಿಟ್ಟು ಬೀಗ ಹಾಕಿ ಸ್ನಾನಕ್ಕೆ ಹೋಗುವ ಮಹಾನುಭಾವರಿಗೆ ಯಾವ ದೇಶದ ಕಾನೂನಿನಲ್ಲೂ ಶಿಕ್ಷೆಯಿಲ್ಲ, ಅದೊಂದು ಲೋಪ.

ಲಾಕರ್ ಇದೆ ಎಂದರೆ ಬೀಗ ಇದೆ ಎಂದಲ್ಲ, ಬೀಗ ನಿಮ್ಮದೇ. ನಂಬರಿನ ಬೀಗ ಒಯ್ಯಿರಿ, ಕೀಲಿಯ ಬೀಗವಾದರೆ ಕೀಲಿ ಲಾಕರಿನೊಳಗೇ ಉಳಿಯುವುದು ಖಚಿತ. ಕೊಂಡಿ ತೀರಾ ದಪ್ಪವಿದ್ದರೆ ಚಿಲಕದ ತೂತಿಗೆ ಹೋಗುವುದಿಲ್ಲ. ಮಲಗುವ ಮೊದಲು ಹಾಸಿಗೆಯ ಹೊಲಿಗೆಯ ಅಂಚನ್ನು ಟಾರ್ಚ್ ಬಿಟ್ಟು ನೋಡಿ. ಶಾಯಿ ಚಿಮುಕಿಸಿದಂಥ ಕಪ್ಪು ಚುಕ್ಕೆಗಳಿದ್ದರೆ ಅದು ತಿಗಣೆಯ ಹಾಜರಿ ಪುಸ್ತಕ, ಕೋಣೆ ಬದಲಿಸಿಕೊಳ್ಳಿ. ಹಾಗೆ ನೋಡುವ ತನಕ ಬ್ಯಾಗನ್ನು ಹಾಸಿಗೆಯ ಮೇಲೆ ಇಡಬೇಡಿ. ಬೆಳಗಿನ ಜಾವ ಹೊರಡುವುದಿದ್ದರೆ ರಾತ್ರಿಯೇ ಪ್ಯಾಕ್ ಮಾಡಿ, ಮುಖ್ಯವಾಗಿ ಪ್ಲಾಸ್ಟಿಕ್ ಕವರು ಬೇಡ. ಬೆಳಿಗ್ಗೆ ನಾಲ್ಕಕ್ಕೆ ನಿಶ್ಶಬ್ದವಾದ ಕೋಣೆಯಲ್ಲಿ, ಪಾಪ, ಸದ್ದಾಗದಿರಲೆಂದು ಮೆಲ್ಲಗೆ ಬಿಚ್ಚುವ ಕವರಿನ ಸರಪರ ಹತ್ತು ನಿಮಿಷ ನಡೆಯುತ್ತದೆ. ಒಮ್ಮೆಲೇ ಬಿಚ್ಚಿದ್ದರೆ ಎರಡು ಸೆಕೆಂಡಿನಲ್ಲಿ ಮುಗಿಯುತ್ತಿತ್ತು.

ಅಡುಗೆಮನೆಯ ಫ್ರಿಜ್ಜಿನಲ್ಲಿ ಇಟ್ಟದ್ದಕ್ಕೆಲ್ಲ ಹೆಸರು, ಹೊರಡುವ ತಾರೀಖು ಬರೆದ ಚೀಟಿ ಅಂಟಿಸಬೇಕು. ಚೀಟಿ ಇಲ್ಲದ್ದು ಕಸಕ್ಕೆ, ಚೀಟಿ ಇದ್ದದ್ದು ಕೆಲವೊಮ್ಮೆ ಬೇರೆಯವರ ಹೊಟ್ಟೆಗೆ. ಎಣ್ಣೆ, ಉಪ್ಪು ಕೊಳ್ಳುವ ಮುಂಚೆ, ಹೋದವರು ಬಿಟ್ಟುಹೋದದ್ದನ್ನು ಇಡುವ ಕಪಾಟು ನೋಡಿ. ಅಲ್ಲಿ ಅರ್ಧ ಪೊಟ್ಟಣ ಪಾಸ್ತಾ ಇರದ ಹಾಸ್ಟೆಲ್ ಅಪರೂಪ.

ಮೂರು ಜೊತೆ ಬಟ್ಟೆಯಲ್ಲಿ ತಿಂಗಳು ಕಳೆಯಬೇಕೆಂದರೆ ಸಿಂಕಿನಲ್ಲಿ ಒಗೆಯುವುದು ಅನಿವಾರ್ಯ. ಸಿಂಕಿಗೆ ಬಿರಡೆ ಇರುವುದಿಲ್ಲ, ಕಾಲುಚೀಲದ ಉಂಡೆ ಸಾಕು. ಹಿಂಡಿದ ಬಟ್ಟೆಯನ್ನು ಒಣ ಟವಲಿನಲ್ಲಿ ಸುರುಳಿ ಸುತ್ತಿ, ಅದರ ಮೇಲೆ ಮಂಡಿಯೂರಿದರೆ ನೀರೆಲ್ಲ ಟವಲಿಗೆ ಹೋಗಿ ತೆಳು ಅಂಗಿ ಬೆಳಗಾಗುವುದರೊಳಗೆ ಒಣಗುತ್ತದೆ. ಜೀನ್ಸ್ ಒಣಗುವುದಿಲ್ಲ. ಅದಕ್ಕೆ ಸಮಯವಿದೆ, ನಿಮಗಿಲ್ಲ.

ರೈಲಿನ ಟಿಕೆಟ್ ಕೊಂಡ ಮಾತ್ರಕ್ಕೆ ಟಿಕೆಟ್ ಇದ್ದಂತಲ್ಲ. ಇಟಲಿಯ ಪ್ರಾದೇಶಿಕ ರೈಲುಗಳ ಕಾಗದದ ಟಿಕೆಟ್ಟಿಗೆ ಹತ್ತುವ ಮೊದಲು ಪ್ಲಾಟ್‌ಫಾರ್ಮಿನ ಯಂತ್ರದಲ್ಲಿ ಮುದ್ರೆ ಒತ್ತಿಸಬೇಕು. ಬರ್ಲಿನ್ ಮೆಟ್ರೋದ ಕಾಗದದ ಟಿಕೆಟ್ಟಿಗೂ ಇದೇ ಕಟ್ಟುಪಾಡು. ಮುದ್ರೆ ಇಲ್ಲದಿದ್ದರೆ ದಂಡ, ಗೊತ್ತಿರಲಿಲ್ಲ ಎಂಬುದಕ್ಕೆ ರಿಯಾಯಿತಿ ಸಿಗುವುದಿಲ್ಲ. ತಪಾಸಣೆಯವರು ಸಾದಾ ಬಟ್ಟೆಯಲ್ಲಿ ನಿಮ್ಮ ಎದುರೇ ಕೂತಿರಬಹುದು. ಇದರ ನಷ್ಟವನ್ನು ತುಸುವಾದರೂ ತುಂಬಿಕೊಳ್ಳಲು ಜರ್ಮನಿಯಲ್ಲೊಂದು ದಾರಿಯಿದೆ: ಒಮ್ಮೆ ಬಳಸಿ ಬಿಡುವ ಪಾನೀಯದ ಪ್ಲಾಸ್ಟಿಕ್ ಬಾಟಲಿ, ಲೋಹದ ಡಬ್ಬಿಗಳ ಮೇಲೆ 25 ಸೆಂಟ್ ಠೇವಣಿ ಇರುತ್ತದೆ. ಸೂಪರ್ ಮಾರ್ಕೆಟ್ಟಿನ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ ಕಟ್ಟುವಾಗ ಕಳೆಯುತ್ತಾರೆ. ಬಾಟಲಿಯನ್ನು ಜಜ್ಜಿದರೆ ಯಂತ್ರ ಗುರುತು ಓದಲಾಗದೆ ಉಗಿಯುತ್ತದೆ, ಆದ್ದರಿಂದ ಬ್ಯಾಗಿನಲ್ಲಿ ಜಾಗ ಉಳಿಸುವ ಆಸೆ ಬೇಡ.

ಫೋಟೋಗೆ ನಿಮ್ಮ ಫೋನಿಗಿಂತ ದುಬಾರಿ ಕ್ಯಾಮೆರಾ ಹಿಡಿದವರನ್ನೇ ಕೇಳಿ. ಚೌಕಟ್ಟು ಗೊತ್ತಿರುತ್ತದೆ, ಫೋನ್ ಹಿಡಿದು ಓಡುವ ದರಿದ್ರವೂ ಅವರಿಗಿಲ್ಲ. ತಾವಾಗಿಯೇ ಬಂದು ತೆಗೆದುಕೊಡಲೇ ಎನ್ನುವವರಿಗೆ, ಸ್ನೇಹದ ದಾರವೆಂದು ಮಣಿಕಟ್ಟಿಗೆ ಸುತ್ತಲು ಬರುವವರಿಗೆ ಕೈಯೇ ಕಾಣಿಸಬಾರದು, ಜೇಬಿನಲ್ಲಿರಬೇಕು.

ಕೊನೆಯ ದಿನ ಜೇಬಿನಲ್ಲಿ ಉಳಿಯುವುದು ಚಿಲ್ಲರೆ. ಹಣ ಬದಲಿಸುವ ಕೌಂಟರಿನವರು ಸಾಮಾನ್ಯವಾಗಿ ನೋಟು ಮಾತ್ರ ಮುಟ್ಟುತ್ತಾರೆ, ನಾಣ್ಯ ಮುಟ್ಟುವುದಿಲ್ಲ. ಸೂಪರ್ ಮಾರ್ಕೆಟ್ಟಿನಲ್ಲಿ ನಾಣ್ಯ ನುಂಗುವ ಸ್ವಯಂ ಬಿಲ್ಲಿಂಗ್ ಯಂತ್ರವಿದ್ದರೆ ದಾರಿಯ ಊಟಕ್ಕೆ ಬೇಕಾದದ್ದನ್ನು ಸ್ಕ್ಯಾನ್ ಮಾಡಿ, ಮೊದಲು ಇದ್ದಬದ್ದ ನಾಣ್ಯವನ್ನೆಲ್ಲ ಸುರಿದು, ಕಡಿಮೆ ಬಿದ್ದದ್ದನ್ನು ಕಾರ್ಡಿನಲ್ಲಿ ಕಟ್ಟಿ. ಹಿಂದೆ ಸಾಲಿದ್ದರೆ ಇರಲಿ. ನಿಲ್ದಾಣದ ಗೇಟಿಗೆ ಬೇಕಾದ ಒಂದು ನಾಣ್ಯವನ್ನು ಮಾತ್ರ ತೆಗೆದಿಡಿ.