ಸೈನಿಕನ ಸಾಲಪತ್ರ ಕೊನೆಗೆ ಯಾರ ಕೈ ಸೇರಿತು?

ಅಮೆರಿಕ ಗಣರಾಜ್ಯದ ಮೊದಲ ವರ್ಷಗಳ ಮಾತು ಬಂದಾಗಲೆಲ್ಲ ಚರ್ಚೆ ಮೊದಲ ಖಜಾನೆ ಕಾರ್ಯದರ್ಶಿ ಹ್ಯಾಮಿಲ್ಟನ್ ಸರಿಯೋ, ಮುಂದೆ ಅಧ್ಯಕ್ಷರಾದ ಜೆಫರ್ಸನ್ ಸರಿಯೋ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ಒಬ್ಬರು ಬ್ಯಾಂಕು, ವ್ಯಾಪಾರ ಮತ್ತು ಬಲವಾದ ಕೇಂದ್ರದ ಪರ, ಇನ್ನೊಬ್ಬರು ರೈತರ ಮತ್ತು ರಾಜ್ಯಗಳ ಪರ ಎಂದು ಗೆರೆ ಎಳೆದುಬಿಟ್ಟರೆ ಓದುವವರಿಗೂ ಸುಲಭ, ಬರೆಯುವವರಿಗೂ ಸುಲಭ. ಆದರೆ ಆ ಕಾಲದ ಹಣದ ಲೆಕ್ಕವನ್ನು ಹಿಡಿದು ಹೊರಟರೆ ಈ ಇಬ್ಬರಿಗಿಂತ ಹೆಚ್ಚು ಸಲ ಎದುರಾಗುವವನು ಬ್ರಿಟನ್ ವಿರುದ್ಧದ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿ, ಸಂಬಳ ಸಿಗದೆ ಊರಿಗೆ ಮರಳಿದ ಸೈನಿಕ. ಹೊಸ ಸರ್ಕಾರ ತನಗೆ ಸಾಲ ಕೊಟ್ಟವರ ನಂಬಿಕೆಯನ್ನು ಉಳಿಸಿಕೊಂಡದ್ದು ಸರಿಯೆಂದೇ ನಾನು ಭಾವಿಸುತ್ತೇನೆ; ಆದರೆ ಅದರ ಹೊರೆಯನ್ನು ಅವನ ಮೇಲೆಯೇ ಎರಡು ಸಲ ಹೇರಿತು ಎಂಬುದು ನನ್ನ ತಕರಾರು.

ದೇಶದ ಮೊದಲ ಸಂವಿಧಾನವಾಗಿ 1781ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರಿನಲ್ಲಿ ಕೇಂದ್ರದ ಶಾಸನಸಭೆಯಾದ ಕಾಂಗ್ರೆಸ್ಸಿಗೆ ತೆರಿಗೆ ಹಾಕುವ ಅಧಿಕಾರವೇ ಇರಲಿಲ್ಲ. ಅದು 13 ರಾಜ್ಯಗಳ ಮುಂದೆ ಕೈಚಾಚಬೇಕಿತ್ತು, ಅವು ಕೊಟ್ಟಷ್ಟರಲ್ಲಿ ತೃಪ್ತಿಪಡಬೇಕಿತ್ತು. ಆಮದು ಸರಕಿನ ಮೇಲೆ ಶೇ. 5ರ ಸುಂಕ ವಿಧಿಸುವ ಯೋಜನೆಗೆ ಎಲ್ಲ ರಾಜ್ಯಗಳ ಸಮ್ಮತಿ ಬೇಕಿದ್ದುದರಿಂದ ಮೊದಲ ಸಲ ರೋಡ್ ಐಲೆಂಡಿನ ನಿರಾಕರಣೆಯಿಂದ ಅದು ಬಿದ್ದುಹೋಯಿತು, ಎರಡನೆಯ ಸಲ ನ್ಯೂಯಾರ್ಕಿನ ಹಟದಿಂದ. ಯುದ್ಧಕಾಲದಲ್ಲಿ ಅಚ್ಚು ಹಾಕಿದ ಕಾಗದದ ಹಣಕ್ಕೆ ಅಷ್ಟರಲ್ಲಾಗಲೇ ಬೆಲೆ ಉಳಿದಿರಲಿಲ್ಲ. 1783ರ ಮಾರ್ಚಿನಲ್ಲಿ ನ್ಯೂಬರ್ಗ್ ಶಿಬಿರದ ಸೇನಾಧಿಕಾರಿಗಳು ಬಾಕಿ ಸಂಬಳಕ್ಕಾಗಿ ಕಾಂಗ್ರೆಸ್ಸನ್ನೇ ಬೆದರಿಸುವ ಹಂತಕ್ಕೆ ಹೋಗಿದ್ದರು. ಅವರನ್ನು ತಣಿಸಿದ್ದು ಸೇನಾಪತಿ ವಾಷಿಂಗ್ಟನ್ನರ ಮೇಲಿನ ವೈಯಕ್ತಿಕ ಗೌರವವೇ ಹೊರತು ಬೊಕ್ಕಸದ ಹಣವಲ್ಲ. ಅದೇ ಜೂನಿನಲ್ಲಿ ಫಿಲಡೆಲ್ಫಿಯಾದಲ್ಲಿ ಸೈನಿಕರು ಸಭಾಭವನವನ್ನು ಸುತ್ತುವರಿದಾಗ ಕಾಂಗ್ರೆಸ್ ಪ್ರಿನ್ಸ್‌ಟನ್ನಿಗೆ ಓಡಿಹೋಯಿತು. ಯುದ್ಧ ಗೆದ್ದ ಸರ್ಕಾರವೊಂದು ತನ್ನದೇ ಸೈನಿಕರಿಗೆ ಹೆದರಿ ಊರು ಬಿಟ್ಟಿತು ಎಂಬುದನ್ನು ಎಷ್ಟು ಮಂದಿ ನೆನಪಿಟ್ಟುಕೊಂಡಿದ್ದಾರೋ ಗೊತ್ತಿಲ್ಲ.

ನಗದಿಲ್ಲದೆ ಸೈನಿಕರ ಕೈಗೆ ಸಿಕ್ಕಿದ್ದು ಮುಂದೊಂದು ದಿನ ಹಣ ಕೊಡುತ್ತೇವೆಂಬ ಸಾಲಪತ್ರ. ಉಳುಮೆಗೆ, ಬಿತ್ತನೆಗೆ, ಹಳೆಯ ಸಾಲ ತೀರಿಸಲು ಇಂದೇ ಹಣ ಬೇಕಾದವನು ಆ ಮುಂದೊಂದು ದಿನವನ್ನು ಕಾಯಲಾರ. ಅನೇಕರು ಅದನ್ನು ಮುಖಬೆಲೆಯ ಕಾಲು ಭಾಗಕ್ಕೂ ಕಡಿಮೆಗೆ ಮಾರಿಕೊಂಡರು. ಕೊಂಡವರು ಕಾಯುವ ಶಕ್ತಿಯಿದ್ದ ಪಟ್ಟಣದ ವ್ಯಾಪಾರಿಗಳು. ಇತ್ತ ಮ್ಯಾಸಚೂಸೆಟ್ಸ್ ರಾಜ್ಯ ತನ್ನ ಯುದ್ಧಸಾಲ ತೀರಿಸಲು ರೈತರ ಮೇಲೆ ಭಾರೀ ತೆರಿಗೆ ಹಾಕಿತು. ಜಮೀನು ಜಪ್ತಿಯಾಗತೊಡಗಿದಾಗ 1786ರಲ್ಲಿ ಜನ ನ್ಯಾಯಾಲಯಗಳನ್ನೇ ನಡೆಯಗೊಡಲಿಲ್ಲ. ಅವರ ಮುಂದಾಳುಗಳಲ್ಲಿ ಒಬ್ಬನಾದ ಡೇನಿಯಲ್ ಶೇಸ್ ಸ್ವಾತಂತ್ರ್ಯ ಯುದ್ಧದಲ್ಲಿ ಕ್ಯಾಪ್ಟನ್ ಆಗಿದ್ದವನು. ದಂಗೆಯನ್ನು ಅಡಗಿಸಿದ ಸೇನೆಗೆ ಹಣ ಕೊಟ್ಟವರು ಬೊಕ್ಕಸದವರಲ್ಲ, ಶ್ರೀಮಂತ ವರ್ತಕರು.

1787ರ ಸಂವಿಧಾನ ಕೇಂದ್ರಕ್ಕೆ ತೆರಿಗೆಯ ಅಧಿಕಾರ ಕೊಟ್ಟಿತು. ಖಜಾನೆಯ ಹೊಣೆ ಹೊತ್ತ ಹ್ಯಾಮಿಲ್ಟನ್ 1790ರ ಜನವರಿಯಲ್ಲಿ ಕಾಂಗ್ರೆಸ್ಸಿನ ಮುಂದಿಟ್ಟ ವರದಿಯ ಪ್ರಕಾರ ಕೇಂದ್ರದ ಸಾಲ ಸುಮಾರು 5.4 ಕೋಟಿ ಡಾಲರ್, ರಾಜ್ಯಗಳದು ಇನ್ನೂ ಸುಮಾರು 2.5 ಕೋಟಿ. ಎರಡನ್ನೂ ಕೇಂದ್ರವೇ ವಹಿಸಿಕೊಳ್ಳಬೇಕು, ಸಾಲಪತ್ರ ಇಂದು ಯಾರ ಕೈಯಲ್ಲಿದೆಯೋ ಅವರಿಗೇ ಪೂರ್ಣ ಬೆಲೆಯ ಹೊಸ ಪತ್ರಗಳು ಸಲ್ಲಬೇಕು ಎಂಬುದು ಅವರ ಸಲಹೆ. ಕೊಂಡವನಿಗೆ ಸಲ್ಲಬೇಕಾದ್ದನ್ನು ಸರ್ಕಾರ ಆಮೇಲೆ ಕತ್ತರಿಸುವುದಾದರೆ ನಾಳೆ ಅದರ ಪತ್ರವನ್ನು ಯಾರೂ ಮುಟ್ಟಲಾರರು ಎಂಬ ಅವರ ತರ್ಕದಲ್ಲಿ ನನಗೆ ಬಿರುಕು ಕಾಣುವುದಿಲ್ಲ. ಪ್ರತಿನಿಧಿ ಸಭೆಯ ವರ್ಜೀನಿಯಾದ ಸದಸ್ಯ ಮ್ಯಾಡಿಸನ್ ಇದಕ್ಕೆ ಎದುರಾಗಿ, ಈಗಿನ ಒಡೆಯನಿಗೆ ಮಾರುಕಟ್ಟೆಯ ಅತ್ಯಧಿಕ ಬೆಲೆ ಕೊಟ್ಟು ಉಳಿದದ್ದನ್ನು ಮೂಲ ಒಡೆಯನಿಗೆ, ಅಂದರೆ ಬಹುಮಟ್ಟಿಗೆ ಆ ಸೈನಿಕನಿಗೆ, ಮುಟ್ಟಿಸೋಣ ಎಂದರು. ಪ್ರತಿನಿಧಿ ಸಭೆ ಅದನ್ನು 36–13 ಮತಗಳಿಂದ ತಿರಸ್ಕರಿಸಿತು. ಕೈಯಿಂದ ಕೈಗೆ ದಾಟಿದ ಪತ್ರಗಳ ಮೂಲ ಹುಡುಕುವುದು ಕಷ್ಟವೆಂಬ ಆಕ್ಷೇಪ ನಿಜವೇ. ಆದರೆ ವರದಿಯ ಸುಳಿವು ಹಿಡಿದ ವ್ಯಾಪಾರಿಗಳು ಒಳನಾಡಿಗೆ ಆಳುಗಳನ್ನಟ್ಟಿ, ಸುದ್ದಿ ಮುಟ್ಟುವ ಮುನ್ನವೇ ಉಳಿದ ಪತ್ರಗಳನ್ನು ಅಗ್ಗಕ್ಕೆ ಖರೀದಿಸುತ್ತಿದ್ದರಲ್ಲ, ಅವರಿಗೆ ಆ ಒಡೆಯರನ್ನು ಹುಡುಕುವುದು ಕಷ್ಟವಾಗಲಿಲ್ಲ.

ರಾಜ್ಯಗಳ ಸಾಲದ ಪ್ರಶ್ನೆ ಇನ್ನಷ್ಟು ಕಗ್ಗಂಟಾಯಿತು. ವರ್ಜೀನಿಯಾ ತನ್ನ ಪಾಲಿನ ಬಹುಭಾಗವನ್ನು ತೀರಿಸಿಯಾಗಿತ್ತು. ಬೇರೆಯವರ ಸಾಲಕ್ಕೆ ತಾನೇಕೆ ಹೆಗಲು ಕೊಡಬೇಕೆಂದು ಅದು ಕೇಳಿತು. ಕೊನೆಗೆ ರಾಜಧಾನಿಯನ್ನು ವರ್ಜೀನಿಯಾದ ಅಂಚಿನ ಪೊಟೊಮ್ಯಾಕ್ ನದಿಯ ದಡಕ್ಕೆ ಒಯ್ಯುವ ಒಪ್ಪಂದಕ್ಕೆ ಪ್ರತಿಯಾಗಿ ಮಸೂದೆ ದಾಟಿತು. ಇದನ್ನು ಕೊಳಕು ರಾಜಕೀಯ ಎನ್ನುವವರಿದ್ದಾರೆ. ಒಡೆಯಬಹುದಾಗಿದ್ದ ಒಕ್ಕೂಟ ಹಾಗಾದರೂ ಉಳಿಯಿತು ಎಂದು ನಾನು ನೋಡುತ್ತೇನೆ.

ಬಡ್ಡಿಗೆ ಹಣ ಬೇಕಲ್ಲ. ಆಮದು ಸುಂಕವೇ ಮುಖ್ಯ ಆದಾಯವಾದರೂ 1791ರಲ್ಲಿ ವಿಸ್ಕಿಯ ಮೇಲೆ ಅಬಕಾರಿ ತೆರಿಗೆ ಬಂತು. ಪಶ್ಚಿಮ ಪೆನ್ಸಿಲ್ವೇನಿಯಾದ ರೈತನಿಗೆ ವಿಸ್ಕಿ ಮೋಜಿನ ಸರಕಲ್ಲ: ಬೆಟ್ಟ ದಾಟಿಸಿ ಧಾನ್ಯ ಸಾಗಿಸುವ ಖರ್ಚು ಗಿಟ್ಟದ್ದರಿಂದ ಅವನು ಅದನ್ನು ಬಟ್ಟಿ ಇಳಿಸುತ್ತಿದ್ದ, ನಾಣ್ಯ ವಿರಳವಾದಲ್ಲಿ ಅದೇ ಹಣದಂತೆ ಚಲಾವಣೆಯಾಗುತ್ತಿತ್ತು. ತೆರಿಗೆಯನ್ನು ಮಾತ್ರ ನಗದಾಗಿಯೇ ಕಟ್ಟಬೇಕು. ದೊಡ್ಡ ಉತ್ಪಾದಕರಿಗೆ ತಗಲುವ ಭಾರ ಸಣ್ಣವರಿಗಿಂತ ಕಡಿಮೆ. 1794ರ ಜುಲೈಯಲ್ಲಿ ತೆರಿಗೆ ಅಧಿಕಾರಿ ಜಾನ್ ನೆವಿಲ್ ಅವರ ಮನೆಗೆ ಮುತ್ತಿಗೆ ಹಾಕಿದವರ ನಾಯಕ ಜೇಮ್ಸ್ ಮ್ಯಾಕ್‌ಫಾರ್ಲೇನ್ ಗುಂಡಿಗೆ ಬಲಿಯಾದ. ಅವನೂ ಸ್ವಾತಂತ್ರ್ಯ ಯುದ್ಧದಲ್ಲಿ ಹೋರಾಡಿದವನು. ಆಗ ಅಧ್ಯಕ್ಷರಾಗಿದ್ದ ವಾಷಿಂಗ್ಟನ್ 13,000ದಷ್ಟು ಸೇನೆಯನ್ನು ಕಳುಹಿಸಿದಾಗ ಎದುರು ನಿಂತು ಕಾದುವವರೇ ಇರಲಿಲ್ಲ. ದೇಶದ್ರೋಹದ ಶಿಕ್ಷೆಗೊಳಗಾದ ಇಬ್ಬರನ್ನು ಅವರು ಕ್ಷಮಿಸಿದರು, ಅದು ಒಳ್ಳೆಯದೇ ಆಯಿತು.

ಹ್ಯಾಮಿಲ್ಟನ್ನರ ಯೋಜನೆ ಫಲಿಸಿತು ಎಂಬುದರಲ್ಲಿ ಅನುಮಾನವಿಲ್ಲ. 1803ರಲ್ಲಿ ಲೂಸಿಯಾನವನ್ನು 1.5 ಕೋಟಿ ಡಾಲರಿಗೆ ಕೊಳ್ಳುವಾಗ ಅಮೆರಿಕದ ಸಾಲಪತ್ರಗಳಿಗೆ ಯುರೋಪಿನ ಬ್ಯಾಂಕುಗಳು ಹಣ ಒದಗಿಸಿದವು. ಅದರ ಲಾಭ ಪಡೆದ ಅಧ್ಯಕ್ಷರು ಜೆಫರ್ಸನ್ ಎಂಬುದು ಚೋದ್ಯ. ಅದಕ್ಕೆ ಮೊದಲೇ, 1802ರಲ್ಲಿ, ಅವರ ಸರ್ಕಾರ ವಿಸ್ಕಿ ತೆರಿಗೆಯನ್ನು ರದ್ದು ಮಾಡಿತ್ತು, ಮತ್ತು ಬೊಕ್ಕಸ ಕುಸಿಯಲಿಲ್ಲ. ಆ ತೆರಿಗೆ ನಿಜಕ್ಕೂ ಅನಿವಾರ್ಯವಾಗಿತ್ತೇ ಎಂಬ ಪ್ರಶ್ನೆಯನ್ನು ಹ್ಯಾಮಿಲ್ಟನ್ನರ ಅಭಿಮಾನಿಗಳು ಎತ್ತಿಕೊಳ್ಳುವುದೇ ಇಲ್ಲ.

ಸಾಮಾನ್ಯ ಸೈನಿಕರಿಗೆ ಕೇವಲ ಸೇವೆ ಮತ್ತು ಬಡತನದ ಆಧಾರದ ಮೇಲೆ ಪಿಂಚಣಿ ಕೊಡುವ ಕಾನೂನು ಬಂದದ್ದು 1818ರಲ್ಲಿ, ಯುದ್ಧ ಮುಗಿದು 35 ವರ್ಷಗಳಾದ ಮೇಲೆ. ತಿಂಗಳಿಗೆ 8 ಡಾಲರ್. ಅರ್ಜಿಗಳು ಹೆಚ್ಚಿದಾಗ, 1820ರಿಂದ, ತಮ್ಮ ಬಳಿ ಏನೇನಿದೆ ಎಂಬುದರ ಪಟ್ಟಿಯನ್ನು ಪ್ರಮಾಣ ಮಾಡಿ ನ್ಯಾಯಾಲಯಕ್ಕೆ ಸಲ್ಲಿಸಿ ಬಡತನವನ್ನು ರುಜುವಾತುಪಡಿಸಬೇಕಾಯಿತು. 1790ರಲ್ಲಿ ಪೂರ್ಣ ಬೆಲೆ ಪಡೆದ ವ್ಯಾಪಾರಿಗಳನ್ನು ಯಾರೂ ಅಂಥ ಪಟ್ಟಿ ಕೇಳಿರಲಿಲ್ಲ.