ಕಾಪಿರೈಟ್ 'ಮಾಡಿಸುವ' ವಸ್ತುವಲ್ಲ

ನನ್ನ ಲೇಖನವೊಂದನ್ನು ಪರಿಚಯವಿಲ್ಲದವರೊಬ್ಬರು ತಮ್ಮ ಹೆಸರಿನಲ್ಲಿ ಪ್ರಕಟಿಸಿಕೊಂಡಿದ್ದರು. ವಿಚಾರಿಸಿದರೆ, "ನೀವು ಕಾಪಿರೈಟ್ ಮಾಡಿಸಿದ್ದೀರಾ?" ಎಂದು ನನ್ನನ್ನೇ ಕೇಳಿದರು. ಕಾಪಿರೈಟ್ ಎಂದರೆ ಯಾವುದೋ ಕಚೇರಿಯಲ್ಲಿ ಶುಲ್ಕ ಕಟ್ಟಿ ಮಾಡಿಸಿಕೊಳ್ಳಬೇಕಾದದ್ದು ಎಂಬ ನಂಬಿಕೆ ಕದ್ದವರಲ್ಲಷ್ಟೇ ಅಲ್ಲ, ಕಳೆದುಕೊಂಡವರಲ್ಲೂ ಇರುವುದರಿಂದ, ಎಷ್ಟೋ ಮಂದಿ ಈ ಒಂದು ಪ್ರಶ್ನೆಗೇ ಸುಮ್ಮನಾಗಿಬಿಡುತ್ತಾರೆ.

ವಾಸ್ತವವಾಗಿ, ಸ್ವಂತವಾಗಿ ರಚಿಸಿದ್ದನ್ನು ಕಾಗದಕ್ಕೋ ಕಂಪ್ಯೂಟರಿಗೋ ಇಳಿಸಿದ ಗಳಿಗೆಯಲ್ಲೇ ಹಕ್ಕುಸ್ವಾಮ್ಯ ಹುಟ್ಟುತ್ತದೆ. ವೃತ್ತದೊಳಗೆ 'ಸಿ' ಅಕ್ಷರವಿರುವ ಗುರುತೂ ಬೇಕಿಲ್ಲ. ಹಕ್ಕುಸ್ವಾಮ್ಯದ ಬಗ್ಗೆ ಹಲವು ದೇಶಗಳು ಸೇರಿ ಮಾಡಿಕೊಂಡ 1886ರ ಬರ್ನ್ ಒಪ್ಪಂದವನ್ನು 1908ರಲ್ಲಿ ಬರ್ಲಿನ್‌ನಲ್ಲಿ ಪರಿಷ್ಕರಿಸಿದಾಗ, ಒಂದು ಸದಸ್ಯ ದೇಶದ ಕೃತಿಗೆ ಇನ್ನೊಂದು ಸದಸ್ಯ ದೇಶದಲ್ಲಿ ರಕ್ಷಣೆ ಕೊಡಲು ನೋಂದಣಿಯಂತಹ ಯಾವ ಶರತ್ತನ್ನೂ ಹಾಕಬಾರದೆಂದು ಒಪ್ಪಿಕೊಳ್ಳಲಾಯಿತು. ಇಂದು 180ಕ್ಕೂ ಹೆಚ್ಚು ದೇಶಗಳು ಆ ಒಪ್ಪಂದದಲ್ಲಿವೆ. ರಕ್ಷಣೆ ಇರುವುದು ಬರೆದ ರೂಪಕ್ಕೆ ಮಾತ್ರ, ಅದರ ಹಿಂದಿನ ವಿಚಾರಕ್ಕಲ್ಲ ಎಂಬುದನ್ನು ನಮ್ಮಂಥ ಬರೆಯುವವರೂ ಮರೆಯಬಾರದು.

ಹಾಗಾದರೆ ನೋಂದಣಿ ವ್ಯರ್ಥವೇ? ಅಲ್ಲ. ಅಮೆರಿಕದಲ್ಲಿ ಅಲ್ಲಿನದೇ ಕೃತಿಯ ಬಗ್ಗೆ ದಾವೆ ಹೂಡಬೇಕಾದರೆ ಸಾಮಾನ್ಯವಾಗಿ ಮೊದಲು ನೋಂದಣಿಯಾಗಿರಬೇಕು. ಬೇರೆ ಹಲವೆಡೆ ಅದು ನ್ಯಾಯಾಲಯದ ಮುಂದಿಡಬಹುದಾದ ಒಂದು ಸಾಕ್ಷ್ಯ. ಹಕ್ಕು ತಾನಾಗಿಯೇ ಹುಟ್ಟಿದರೂ ಅದನ್ನು ಕಾಯುವ ಹೊಣೆ ನಮ್ಮದೇ. ನೋಟಿಸು ಕೊಡುವುದು, ಪ್ರಕಟಿಸಿದ ಜಾಲತಾಣಕ್ಕೆ ದೂರು ಸಲ್ಲಿಸುವುದು, ಅದಕ್ಕೂ ಬಗ್ಗದಿದ್ದರೆ ತಡೆಯಾಜ್ಞೆ ಮತ್ತು ನಷ್ಟ ಪರಿಹಾರ ಕೋರಿ ನ್ಯಾಯಾಲಯಕ್ಕೆ ಹೋಗುವುದು, ಎಲ್ಲವನ್ನೂ ಹಕ್ಕುದಾರರೇ ಮಾಡಬೇಕು. ಅಲ್ಲೆಲ್ಲ ಎದುರಾಗುವ ಪ್ರಶ್ನೆ, ಬರೆದವರು ಯಾರು ಎಂಬುದು. ಕೃತಿಯ ಮೇಲೆ ಎಂದಿನಂತೆ ಹೆಸರಿದ್ದರೆ, ಬೇರೆ ಪುರಾವೆ ಸಿಗುವವರೆಗೆ ಅವರನ್ನೇ ಕರ್ತೃವೆಂದು ಭಾವಿಸಬೇಕೆನ್ನುತ್ತದೆ ಬರ್ನ್ ಒಪ್ಪಂದ. ಆದರೆ ನನ್ನ ಪ್ರಕರಣದಲ್ಲಿ ಎರಡೂ ಪ್ರತಿಗಳ ಮೇಲೆ ಒಂದೊಂದು ಹೆಸರಿತ್ತು! (ಬರಹವನ್ನು ಲಕೋಟೆಯಲ್ಲಿಟ್ಟು ತನಗೇ ಅಂಚೆ ಮಾಡಿಕೊಂಡರೆ ಸಾಕೆಂಬ ಹಳೆಯ ಉಪಾಯವನ್ನು ನಾನು ನೆಚ್ಚುವುದಿಲ್ಲ, ಮೊಹರು ತಾರೀಖನ್ನು ಹೇಳಬಹುದು, ಒಳಗಿರುವುದನ್ನು ಯಾರು ಬರೆದರೆಂದು ಹೇಳದು.)

ನನ್ನನ್ನು ಕಾಪಾಡಿದ್ದು ಹೊಡೆದು ತಿದ್ದಿದ ಮೂರು ಕರಡುಗಳು, ಜೊತೆಗೆ ನನ್ನದೇ ಅಜಾಗರೂಕತೆ. ಎರಡನೆಯ ಪ್ಯಾರಾದಲ್ಲಿ 'ಆದರೆ' ಎಂಬ ಪದ ಕೈತಪ್ಪಿ ಎರಡು ಸಲ ಬಿದ್ದಿತ್ತು, ಅವರ ಪ್ರತಿಯಲ್ಲೂ ಅದೇ ಜಾಗದಲ್ಲಿ ಎರಡು 'ಆದರೆ' ಇದ್ದವು. ಕರಡುಗಳ ಚಿತ್ರದೊಂದಿಗೆ ಅದನ್ನು ಗುರುತು ಮಾಡಿ ಕಳುಹಿಸಿದ ಮೇಲೆ ಅವರು ಮರುಮಾತಿಲ್ಲದೆ ಲೇಖನವನ್ನು ತೆಗೆದರು. ಆ ತಪ್ಪನ್ನು ನಾನು ಈವರೆಗೂ ತಿದ್ದಿಲ್ಲ.