ಪುಕ್ಕಟೆ ಸಿಗುತ್ತಿದ್ದ ಇಸ್ಪೀಟನ್ನು ದುಡ್ಡಿಗೆ ಮಾರಿದವನು

ಅಪ್ಪನ ಹಳೇ ಹಾಲಿನ ಲೆಕ್ಕದ ಪುಸ್ತಕ ಮೊನ್ನೆ ಕೈಗೆ ಸಿಕ್ಕಿತು. ಹಿಂದಿನ ಪುಟಗಳಲ್ಲಿ ಬರೀ ನಂಬರುಗಳು. 617ರ ಮುಂದೆ ರೈಟ್ ಮಾರ್ಕು. 11982ರ ಮುಂದೆ ಮಾತ್ರ ಏನೂ ಇಲ್ಲ. ಕಂಪ್ಯೂಟರಿನಲ್ಲಿ ಒಬ್ಬರೇ ಆಡುವ ಫ್ರೀಸೆಲ್ ಎಂಬ ಇಸ್ಪೀಟ್ ಆಟ ಆಡಿದವರಿಗೆ ಅರ್ಥವಾಗಿರುತ್ತದೆ, ಅವು ಆಟದ ನಂಬರುಗಳು. ವಿಂಡೋಸ್‌ನಲ್ಲಿದ್ದ 32,000 ಆಟಗಳಲ್ಲಿ ಬಿಡಿಸಲು ಆಗದೇ ಇರುವುದು ಅದೊಂದೇ. ಪಾಪ, ಅಪ್ಪನಿಗೆ ಯಾರೂ ಹೇಳಿರಲಿಲ್ಲ.

ಇಸ್ಪೀಟ್ ಅಂದರೆ ನಮ್ಮ ಕಡೆ ಮೊದಲು ನೆನಪಾಗೋದು ಪೊಲೀಸ್ ದಾಳಿ. ಒಬ್ಬರೇ ಕೂತು ಆಡುವ ಆಟಕ್ಕೆ ಆ ಭಯವಿಲ್ಲ, ಬಾಸ್ ಭಯ ಮಾತ್ರ. 1990ರಲ್ಲಿ ವಿಂಡೋಸ್ 3.0 ಜೊತೆ ಪುಕ್ಕಟೆಯಾಗಿ ಬಂದ ಸಾಲಿಟೇರ್ ಬರೆದವನು ವೆಸ್ ಚೆರ್ರಿ, ಆಗ ಮೈಕ್ರೋಸಾಫ್ಟ್‌ನಲ್ಲಿ ಇಂಟರ್ನ್. ಬಾಸ್ ಬಂದರೆ ಒತ್ತಲಿ ಅಂತ ಸುಳ್ಳು ಎಕ್ಸೆಲ್ ಹಾಳೆ ತೋರಿಸುವ ಒಂದು ಕೀ ಕೂಡ ಇಟ್ಟಿದ್ದ. ಕಂಪನಿಯವರು ತೆಗೆಸಿದರು!

ನನಗೆ ಇವನಿಗಿಂತ ಇಷ್ಟವಾಗೋದು ಥಾಮಸ್ ವಾರ್‌ಫೀಲ್ಡ್. 1995ರಲ್ಲಿ ವಿಂಡೋಸ್ 95 ಜೊತೆ ಸಾಲಿಟೇರ್, ಫ್ರೀಸೆಲ್ ಎರಡೂ ಬಿಟ್ಟಿ ಬಂದವು. ಅದೇ ವರ್ಷ ಈತ 'ಪ್ರೆಟಿ ಗುಡ್ ಸಾಲಿಟೇರ್' ಅಂತ ಒಂದು ಆಟ ಮಾಡಿ ದುಡ್ಡಿಗೆ ಮಾರಲು ಶುರುಮಾಡಿದ. ಗಂಗೆಯ ದಡದಲ್ಲಿ ಕೂತು ನೀರು ಮಾರಿದ ಹಾಗೆ, ಅಲ್ವಾ? ಊರು ಅಮೆರಿಕದ ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್, ಲಿಂಕನ್ ಮನೆಯಿರುವ ಊರು. ಕಂಪನಿಯ ಹೆಸರು ಗುಡ್‌ಸಾಲ್. ಕಾಕತಾಳೀಯವೋ ಏನೋ, 1978ರಲ್ಲಿ ಪಾಲ್ ಆಲ್ಫಿಲ್ ಮೊದಲ ಫ್ರೀಸೆಲ್ ಬರೆದದ್ದೂ ಇಲಿನಾಯ್ ವಿಶ್ವವಿದ್ಯಾಲಯದ ಪ್ಲೇಟೋ ಕಂಪ್ಯೂಟರಿನಲ್ಲಿ.

ಮಾರಿದ್ದು ಶೇರ್‌ವೇರ್ ಲೆಕ್ಕದಲ್ಲಿ: ಮೊದಲು ಆಡಿ ನೋಡಿ, ಹಿಡಿಸಿದರೆ ದುಡ್ಡು ಕೊಡಿ. ಆದರೆ ಮಾರಾಟದ ಗುಟ್ಟು ಅದಲ್ಲ ಅನ್ನಿಸುತ್ತದೆ ನನಗೆ. ಮೈಕ್ರೋಸಾಫ್ಟ್‌ಗೆ ಇಸ್ಪೀಟು ಮೌಸ್ ಹಿಡಿಯೋದನ್ನು ಕಲಿಸುವ ದಾರಿ. ಇವನಿಗೆ ಅದೇ ಕಸುಬು. ಒಂದೊಂದೇ ಆಟ ಸೇರಿಸುತ್ತಾ ಸಾವಿರ ದಾಟಿಸಿದ. ಪುಸ್ತಕಗಳಲ್ಲಿದ್ದ ಹಳೇ ಆಟಗಳು ಸಾಲದೆ ತಾನೇ ಹೊಸದು ಹುಟ್ಟಿಸಿದ. 'ಅಂಟಾರೆಸ್' ಅಂತ ಒಂದಿದೆ, ಅರ್ಧ ಫ್ರೀಸೆಲ್, ಅರ್ಧ ಸ್ಕಾರ್ಪಿಯನ್ ಎಂಬ ಇನ್ನೊಂದು ಒಂಟಿ ಆಟ. ಒಂದು ಕಡೆ ಎಲೆಗಳನ್ನು ಒಂದೊಂದಾಗಿ ಸರಿಸಬೇಕು, ಇನ್ನೊಂದು ಕಡೆ ರಾಶಿಯ ನಡುವಿಂದಲೇ ಎಳೆಯಬಹುದು. ಎರಡನ್ನೂ ಒಟ್ಟಿಗೆ ತಲೆಯಲ್ಲಿಟ್ಟುಕೊಂಡು ಆಡಬೇಕು. ಅರ್ಧ ಗಂಟೆ ಹೋಗೋದೇ ಗೊತ್ತಾಗಲ್ಲ.

ಆಮೇಲೆ ಇವನದೇ ಮಾಜಾಂಗ್ ಅನ್ನೋ ಬಿಲ್ಲೆ ಜೋಡಿಸುವ ಆಟ ಬಂತು, ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿಗೂ ಇವನ ಆಟ ಬಂತು. ಕಂಪನಿ ಮಾತ್ರ ಚಿಕ್ಕದಾಗೇ ಇತ್ತು. ಬೆಳೆಯಲಿಲ್ಲ ಅಂತ ಯಾರಾದರೂ ಮೂಗು ಮುರಿಯಬಹುದು. ನಾನಂತೂ ಮುರಿಯಲ್ಲ. 2012ರಲ್ಲಿ ವಿಂಡೋಸ್ 8 ಬಂದಾಗ ಆ ಬಿಟ್ಟಿ ಆಟಗಳೇ ಕಾಣೆಯಾದವು. ಬದಲಿಗೆ ಬಂದ ಆ್ಯಪ್‌ನಲ್ಲಿ ಜಾಹೀರಾತು. ಬೇಡ ಅಂದರೆ ಚಂದಾ ಕಟ್ಟಬೇಕು. ಬಿಟ್ಟಿ ಅಂತ ಕೊಟ್ಟಿದ್ದನ್ನು ಹೀಗೆ ವಾಪಸ್ ತಗೊಳ್ಳೋದಕ್ಕಿಂತ, ಮೊದಲೇ ಬೆಲೆ ಹೇಳಿ ಮಾರಿದವನೇ ವಾಸಿ.

ಅಪ್ಪನ ಫೋನಿಗೆ ನಾನೇ ಒಂದು ಇಸ್ಪೀಟ್ ಆ್ಯಪ್ ಹಾಕಿಕೊಟ್ಟಿದ್ದೆ. ಪ್ರತಿ ಆಟದ ನಡುವೆ ಸಾಲ ಬೇಕಾ ಸಾಲ ಅಂತ ಜಾಹೀರಾತು. ಎರಡೇ ದಿನಕ್ಕೆ ತೆಗಿ ಅಂದರು. ಈಗ ಅಲಮಾರಿಯಿಂದ ನಿಜವಾದ ಕಟ್ಟನ್ನೇ ತೆಗೆದು ಊಟದ ಮೇಜಿನ ಮೇಲೆ ಹರಡುತ್ತಾರೆ. ಕಳಾವರ್ ರಾಣಿ ಇಲ್ಲ, ಅದರ ಬದಲಿಗೆ ಜೋಕರ್.